ಒಂಟಿ ಮನುಷ್ಯರ ಸಣ್ಣಕತೆ ಬರೆಯುವುದು ಹೇಗೆ: ಮೊದಲು ಒಂದು ನೆಪ ಹುಡುಕಿ

ನಮ್ಮ ಶಿರಸಿ ಕಡೆಯ ಹಳ್ಳಿಗಳಲ್ಲಿ ಯಾರೂ "ನನಗೆ ಬೇಜಾರು, ಸ್ವಲ್ಪ ಹೊತ್ತು ಕೂತು ಹೋಗು" ಎಂದು ಹೇಳುವುದಿಲ್ಲ. "ಆಸ್ರಿಗೆ ಎಂತ ಬೇಕು?" ಎಂದು ಕೇಳುತ್ತಾರೆ. ಕುಡಿದು ಮುಗಿದ ಮೇಲೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಮುಂದೆ ಸರಿಸುತ್ತಾರೆ. ಕವಳ ಹಾಕಿ ಎದ್ದು ಜಗಲಿ ಇಳಿದು ಚಪ್ಪಲಿ ಮೆಟ್ಟುವಾಗ "ಚಾಲಿ ರೇಟು ಎಷ್ಟಾಯ್ತಡ?" ಎಂದು ಹೊಸ ಮಾತು ತೆಗೆಯುತ್ತಾರೆ. ಚಾಲಿ ಎಂದರೆ ಒಣಗಿಸಿ ಸುಲಿದ ಅಡಿಕೆ. ಅದರ ರೇಟು ಅವರಿಗೆ ಗೊತ್ತಿರುತ್ತದೆ. ಬೆಳಿಗ್ಗೆಯೇ ಪೇಪರಿನಲ್ಲಿ ನೋಡಿರುತ್ತಾರೆ. ಅವರಿಗೆ ಬೇಕಾಗಿದ್ದು ಇನ್ನು ಐದು ನಿಮಿಷ.

ಆ ಐದು ನಿಮಿಷಕ್ಕಾಗಿ ಹುಡುಕಿದ ನೆಪ ಇದೆಯಲ್ಲ, ನನ್ನ ಪ್ರಕಾರ ಕತೆ ಇರುವುದು ಅಲ್ಲೇ. ಒಂಟಿಯಾಗಿರುವವರ ಬಗ್ಗೆ, ಇನ್ನೊಬ್ಬರ ಒಡನಾಟಕ್ಕೆ ಹಂಬಲಿಸುವವರ ಬಗ್ಗೆ ಬರೆಯಬೇಕು ಅಂತ ಹೊರಡುವ ಹೊಸಬರು ತುಂಬಾ ಜನ. ಆದರೆ ಹೆಚ್ಚಿನವರು ನೆಪವನ್ನು ಬಿಟ್ಟು ದುಃಖವನ್ನು ಹಿಡಿದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಕತೆಯಲ್ಲಿ ಒಬ್ಬ ನಿವೃತ್ತ ಗುಮಾಸ್ತ ಕಾರವಾರದ ಕಡಲ ತೀರದಲ್ಲಿ ಕೂತು ನಾಲ್ಕು ಪುಟದವರೆಗೆ ಸೂರ್ಯ ಮುಳುಗುವುದನ್ನು ನೋಡುತ್ತಾನೆ. "ಒಂಟಿ" ಎಂಬ ಪದ ಅದರಲ್ಲಿ ಹನ್ನೊಂದು ಸಲ ಇತ್ತು. ಕತೆ ವಾಪಸ್ ಬಂತು. ಮೊದಲ ಪುಟದ ಅಂಚಿನಲ್ಲಿ ಸಂಪಾದಕರು ಪೆನ್ಸಿಲಿನಲ್ಲಿ ಒಂದೇ ಸಾಲು ಬರೆದಿದ್ದರು: "ಇವರಿಗೆ ಏನು ಬೇಕು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯಿಂದ ಕಲಿತದ್ದನ್ನು, ಕಲಿತ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಜೊತೆಗೆ ಒಂದು ಕತೆಯನ್ನೂ ಕಟ್ಟುತ್ತಾ ಹೋಗುತ್ತೇನೆ. ನೀವೂ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ನಿಮ್ಮದೊಂದನ್ನು ಕಟ್ಟಿ.

ಹೆಜ್ಜೆ 1: ಒಂದು ದಿನದ ಲೆಕ್ಕ ಬರೆಯಿರಿ

ಮೊದಲು ಮನುಷ್ಯನನ್ನು ಆರಿಸಿ. ಕಾಡಿನ ನಡುವೆ ಒಬ್ಬನೇ ಇರುವವನನ್ನೇ ಹುಡುಕಬೇಕಾಗಿಲ್ಲ. ಅವನು ಸುಖವಾಗಿಯೂ ಇರಬಹುದು. ಏಕಾಂತ ನಾವೇ ಬೇಕು ಅಂತ ಆರಿಸಿಕೊಂಡದ್ದು, ಒಂಟಿತನ ಹಾಗಲ್ಲ. ಜನರ ನಡುವೆಯೇ ದಿನ ಕಳೆಯುವವರನ್ನು ನೋಡಿ.

ನನ್ನ ಕತೆಗೆ ಒಬ್ಬ ಕಂಡಕ್ಟರನ್ನು ತೆಗೆದುಕೊಳ್ಳುತ್ತೇನೆ. ಊರು ಗದಗಿನ ಕಡೆ. ಕೆಲಸ ಶಿರಸಿಯಿಂದ ಘಟ್ಟದ ಅಂಚಿನ ಒಂದು ಹಳ್ಳಿಗೆ ಹೋಗುವ ವಸ್ತಿ ಬಸ್ಸಿನಲ್ಲಿ. ರಾತ್ರಿ ಎಂಟಕ್ಕೆ ಬಸ್ಸು ಹಳ್ಳಿ ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ, ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಡ್ರೈವರ್ ಪಕ್ಕದ ಊರಿನವನು, ಮನೆಗೆ ಹೋಗಿಬಿಡುತ್ತಾನೆ. ಕಂಡಕ್ಟರ್ ಬಸ್ಸಿನ ಉದ್ದ ಸೀಟಿನಲ್ಲಿ ಮಲಗುತ್ತಾನೆ.

ಈಗ ಅವನ ದಿನವನ್ನು ಏಳುವುದರಿಂದ ಮಲಗುವವರೆಗೆ ಗಂಟೆಗಂಟೆಯಾಗಿ ಬರೆಯಿರಿ. ಪ್ರತಿ ಗಂಟೆಯ ಎದುರಿಗೆ ಅವನು ಯಾರ ಹತ್ತಿರ ಮಾತಾಡಿದ, ಏನು ಮಾತಾಡಿದ ಎಂದು ಗುರುತು ಹಾಕಿ. "ಎಲ್ಲಿಗೆ?" "ಚಿಲ್ಲರೆ ಕೊಡಿ." "ಮುಂದೆ ಹೋಗ್ರೀ, ಮುಂದೆ ಜಾಗ ಐತಿ." ನೂರಾರು ಜನ, ಸಾವಿರ ಮಾತು. ಇಷ್ಟರಲ್ಲಿ ಅವನ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಕೇಳಿದರಾ ಎಂದು ಹುಡುಕಿದರೆ ಇಡೀ ಹಾಳೆಯಲ್ಲಿ ಒಂದೂ ಸಿಗುವುದಿಲ್ಲ. ಊಟ ಆಯ್ತಾ ಎಂದೂ ಇಲ್ಲ. ಆ ಖಾಲಿ ಜಾಗ ಕಂಡ ದಿನ ನಿಮಗೆ ನಿಮ್ಮ ಮನುಷ್ಯ ಸಿಕ್ಕಿದ ಹಾಗೆ.

ಈ ಲೆಕ್ಕವನ್ನು ತಪ್ಪಿಸಿ ಮುಂದೆ ಹೋಗಬೇಡಿ. ಒಂದು ಗಂಟೆ ಹಿಡಿಯುತ್ತದೆ ಅಷ್ಟೇ. ಕತೆಯಲ್ಲಿ ಇದರ ಕಾಲುಭಾಗವೂ ಬರುವುದಿಲ್ಲ, ಆದರೆ ಬರೆಯುವಾಗ ಕೈ ತಡವರಿಸುವುದು ತಪ್ಪುತ್ತದೆ.

ಹೆಜ್ಜೆ 2: ಬೇಕಾದದ್ದು ಚಿಕ್ಕದಿರಲಿ

"ಅವನಿಗೆ ಪ್ರೀತಿ ಬೇಕು" ಎಂದು ಬರೆದರೆ ಕತೆ ಅಲ್ಲಿಗೇ ನಿಂತಿತು. ಪ್ರೀತಿ ಎಲ್ಲರಿಗೂ ಬೇಕು. ಇವತ್ತು, ಈ ಸಂಜೆ, ಇವನಿಗೆ ಕೈಗೆ ಸಿಗುವಂಥದ್ದು ಏನು ಬೇಕು?

ಚೆಕಾಫ್ 1886ರಲ್ಲಿ ಬರೆದ ಕತೆಯೊಂದರಲ್ಲಿ ಒಬ್ಬ ಮುದಿ ಸಾರೋಟಿನವನಿದ್ದಾನೆ. ಆ ವಾರ ಅವನ ಮಗ ತೀರಿಹೋಗಿದ್ದಾನೆ. ಅವನಿಗೆ ಸಮಾಧಾನ ಬೇಕು, ಸಾಂತ್ವನ ಬೇಕು ಎಂದೆಲ್ಲ ಚೆಕಾಫ್ ಹೇಳುವುದಿಲ್ಲ. ಮಗ ಹೇಗೆ ಕಾಯಿಲೆ ಬಿದ್ದ, ಹೇಗೆ ಸತ್ತ ಎಂಬುದನ್ನು ಯಾರಾದರೂ ಕೂತು ಕೇಳಬೇಕು, ಅಷ್ಟೇ. ಗಾಡಿ ಹತ್ತಿದವರ ಹತ್ತಿರ ಮತ್ತೆ ಮತ್ತೆ ಹೇಳಲು ಹೋಗುತ್ತಾನೆ. ಯಾರಿಗೂ ಪುರಸೊತ್ತಿಲ್ಲ. ಕೊನೆಗೆ ಕುದುರೆಗೆ ಹೇಳುತ್ತಾನೆ. ಬೇಕಾದದ್ದು ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಇರುವುದರಿಂದಲೇ ಅದು ಸಿಗದೇ ಹೋದಾಗ ನಮಗೆ ತಡೆಯಲು ಆಗುವುದಿಲ್ಲ.

ಈ ಹಂಬಲಕ್ಕೂ ನಮ್ಮ ಕಾರವಾರಕ್ಕೂ ಒಂದು ನಂಟಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದಿದ್ದ ಟಾಗೋರರು, ಇಪ್ಪತ್ತರ ಹರೆಯದಲ್ಲಿ, ಇಲ್ಲಿಯೇ ಒಂದು ಪದ್ಯನಾಟಕ ಬರೆದರು. ಎಲ್ಲ ನಂಟು ಕಡಿದುಕೊಂಡು ಗೆದ್ದೆ ಎಂದುಕೊಂಡ ಸನ್ಯಾಸಿಯನ್ನು ಒಬ್ಬ ಅನಾಥ ಹುಡುಗಿಯ ಪ್ರೀತಿ ಜನರ ನಡುವೆ ಎಳೆದು ತರುವ ಕತೆ ಅದು. ಅದು 1884ರಲ್ಲಿ ಅಚ್ಚಾಯಿತು. ಈಗ ಟಾಗೋರರ ಹೆಸರಿರುವ ಕಾರವಾರದ ಕಡಲ ತೀರದಲ್ಲಿ ಸಂಜೆ ನಡೆಯುವಾಗ ನನಗೆ ಆ ಹುಡುಗಿಯೇ ಜಾಸ್ತಿ ನೆನಪಾಗುತ್ತಾಳೆ.

ನಮ್ಮ ಕತೆಗೆ ಬರೋಣ. ಬಸ್ಸು ನಿಲ್ಲುವ ಕಡೆಯ ಸ್ಟಾಪಿನ ಎದುರಿಗೆ ದಣಪೆ (ಅಂಗಳಕ್ಕೆ ಹೋಗುವ ಬೇಲಿಯ ಗೇಟು), ಅದರಾಚೆ ಒಂದು ಹಳೇ ಮನೆ. ಒಬ್ಬರು ಮುದುಕಿ, ಒಂದು ಹಸು. ಗಂಡುಮಕ್ಕಳು ಬೆಂಗಳೂರಿನಲ್ಲಿ. ಒಳ್ಳೆಯ ಮಕ್ಕಳು, ಭಾನುವಾರ ತಪ್ಪದೆ ಫೋನ್ ಮಾಡುತ್ತಾರೆ. (ಮಕ್ಕಳನ್ನು ಕೆಟ್ಟವರನ್ನಾಗಿ ಮಾಡಬೇಡಿ. ಕೆಟ್ಟ ಮಕ್ಕಳಿದ್ದರೆ ಓದುವವರು ಅವರನ್ನು ಬೈದು ಪುಸ್ತಕ ಮುಚ್ಚುತ್ತಾರೆ, ಅಜ್ಜಿಯ ಹತ್ತಿರ ಹೋಗುವುದೇ ಇಲ್ಲ.) ಅಜ್ಜಿಗೆ ಬೇಕಾದದ್ದು ಇಷ್ಟು: ದಿನಕ್ಕೊಮ್ಮೆ ದಣಪೆ ತೆಗೆದ ಸದ್ದು ಕೇಳಬೇಕು.

ಹೆಜ್ಜೆ 3: ನೆಪ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೆ. ಬೇಕಾದದ್ದನ್ನು ಬಾಯಿಬಿಟ್ಟು ಕೇಳಲು ಮನುಷ್ಯರಿಗೆ ನಾಚಿಕೆ. ಹಾಗಾಗಿ ಬೇರೆ ಏನನ್ನೋ ಕೇಳುತ್ತಾರೆ. ಆ ಬೇರೆ ಏನೋ ಎಷ್ಟು ಸಾಮಾನ್ಯವಾಗಿರುತ್ತದೋ ಅಷ್ಟು ಒಳ್ಳೆಯದು.

ನಮ್ಮ ಜಿಲ್ಲೆಯಲ್ಲಿ ನೆಪಗಳಿಗೆ ಬರವಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಊಟ ಮುಗಿಸಿ ಪಕ್ಕದ ಮನೆಗೆ ಸುಲಿಯಲು ಹೋಗುವವರಲ್ಲಿ ಕೂಲಿಗಿಂತ ಮಾತಿಗಾಗಿ ಹೋಗುವವರೂ ಇರುತ್ತಾರೆ. ಆಲೆಮನೆ ಎಂದರೆ ಕಬ್ಬಿನ ಹಾಲಿಗಿಂತ ಮೊದಲು "ಬನ್ನಿ" ಎಂದು ಕರೆಯುವುದಕ್ಕೆ ಒಂದು ಕಾರಣ. ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಎಂಬ ರೂಢಿ ಇದೆಯಲ್ಲ, ಅದನ್ನೇ ನೋಡಿ. ಕಾರವಾರದಲ್ಲಿ ನೌಕಾನೆಲೆಗೋ ಕೈಗಾಕ್ಕೋ ವರ್ಗವಾಗಿ ಬಂದವರ ಕಾಲೊನಿಯಲ್ಲಿ ಇಬ್ಬರು ಹೆಂಗಸರಿದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ಕನ್ನಡ ಮಾತ್ರ ಬರುತ್ತದೆ, ಇನ್ನೊಬ್ಬರಿಗೆ ಮಲಯಾಳ ಮಾತ್ರ. ಒಂದು ಸ್ಟೀಲ್ ಡಬ್ಬಿ ಆಚೆ ಈಚೆ ಓಡಾಡುತ್ತಾ ಆರು ತಿಂಗಳು ಅವರ ಮಾತನ್ನೆಲ್ಲ ಆಡಿಬಿಡಬಹುದು. ಇಲ್ಲಿ ಕತೆ ಶುರುವಾಗುವುದು ಡಬ್ಬಿ ಖಾಲಿ ವಾಪಸ್ ಬಂದ ದಿನ.

ನನ್ನ ಅಜ್ಜಿಗೆ ನೆಪ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಮಾತ್ರೆ ತರಿಸಿದರೆ ಮರುಕ ಹುಟ್ಟುತ್ತದೆ, ಬೇಡ ಅನಿಸಿತು. ಕಾಗದ ಓದಿಸುವುದು ತುಂಬಾ ಹಳೆಯದು. ಕೊನೆಗೆ ಸಿಕ್ಕಿದ್ದು ಬ್ಯಾಟರಿ, ಅಂದರೆ ಟಾರ್ಚು. ಕೊಟ್ಟಿಗೆಗೆ ಹೋಗಲು ಇಟ್ಟುಕೊಂಡ ಎರಡು ಸೆಲ್ಲಿನ ಹಳೇ ಬ್ಯಾಟರಿ. ಅಜ್ಜಿ ಅದನ್ನು ಹಿಡಿದುಕೊಂಡು ಬಸ್ಸಿನ ಹತ್ತಿರ ಬರುತ್ತಾರೆ.

"ಕಂಡಕ್ಟ್ರೇ, ಪ್ಯಾಟೆಯಿಂದ ಒಂದು ಸೆಲ್ ತಂದ್ಕೊಡ್ತ್ರಾ?"

"ಎರಡು ಬೇಕಲ್ರೀ ಅಮ್ಮಾರ ಇದಕ್ಕ?"

"ಇಲ್ಲೆ, ಒಂದು ಸಾಕು."

ಎರಡು ಸೆಲ್ ಬೇಕಾದ ಬ್ಯಾಟರಿಗೆ ಒಂದೇ ತರಿಸಿದರೆ ಇನ್ನೊಂದನ್ನು ತರಿಸಲು ಮತ್ತೊಂದು ದಿನ ಸಿಗುತ್ತದೆ. ಇದನ್ನು ನಾನು ಇಲ್ಲಿ ನಿಮಗೆ ಬಿಡಿಸಿ ಹೇಳುತ್ತಿದ್ದೇನೆ, ಕತೆಯಲ್ಲಿ ಹೇಳುವುದಿಲ್ಲ. ಓದುವವರು ಅವರೇ ಕಂಡುಕೊಂಡಾಗ ಅವರಿಗೂ ಅಜ್ಜಿಗೂ ನಡುವೆ ಒಂದು ಗುಟ್ಟು ಹುಟ್ಟುತ್ತದೆ. ಅಲ್ಲಿಂದ ಅವರು ಅಜ್ಜಿಯ ಕಡೆಯವರು.

ನಿಮ್ಮ ನೆಪ ಸರಿಯಾಗಿದೆಯಾ ಎಂದು ನೋಡಲು ಹೀಗೆ ಮಾಡಿ. ಆ ವಸ್ತುವನ್ನು ಕತೆಯಿಂದ ತೆಗೆದುಹಾಕಿ ನೋಡಿ. ಇಬ್ಬರು ಭೇಟಿಯಾಗಲು ಬೇರೆ ದಾರಿ ಸುಲಭವಾಗಿ ಸಿಗುತ್ತದೆ ಎಂದಾದರೆ ನೆಪ ಗಟ್ಟಿಯಿಲ್ಲ, ಇನ್ನೂ ಹುಡುಕಬೇಕು.

ಹೆಜ್ಜೆ 4: ಎದುರಿನವರಿಗೂ ಒಂದು ಬದುಕು ಕೊಡಿ

ಹೊಸಬರ ಕತೆಗಳಲ್ಲಿ ಎರಡನೆಯ ವ್ಯಕ್ತಿ ಬರೀ ಔಷಧಿಯ ಹಾಗೆ ಬರುತ್ತಾನೆ. ಬಂದ, ನಕ್ಕ, ಒಂಟಿತನ ವಾಸಿಯಾಯಿತು. ಹಾಗೆ ಆಗುವುದಿಲ್ಲ ಅಲ್ವಾ? ಎದುರಿನವನಿಗೂ ಹಸಿವು, ನಿದ್ದೆ, ಸಿಟ್ಟು ಎಲ್ಲ ಇರುತ್ತದೆ. ನಮ್ಮ ಕಂಡಕ್ಟರಿಗೆ ರಾತ್ರಿ ದುಡ್ಡಿನ ಲೆಕ್ಕ ತಾಳೆ ನೋಡಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದಲೇ ಹೋಗುತ್ತದೆ. ಆ ಹೊತ್ತಿಗೆ ಅಜ್ಜಿ ಬಂದರೆ ಅವನಿಗೆ ಕಿರಿಕಿರಿ ಆಗಬೇಕು. ಮೊದಲ ಸಲ ಅವನು ಮರೆತೂ ಬರಬೇಕು. ಅಜ್ಜಿ "ಅಡ್ಡಿಲ್ಲೆ" ಎಂದು ಹೇಳಿ ಕತ್ತಲೆಯಲ್ಲಿ ವಾಪಸ್ ನಡೆಯುವುದನ್ನು ಅವನು ನೋಡಬೇಕು.

ಇಬ್ಬರ ಹಂಬಲವೂ ಒಂದೇ ಅಳತೆಯದ್ದಾಗಿರಬಾರದು, ಒಂದೇ ಹೊತ್ತಿಗೆ ಏಳಲೂಬಾರದು. ಅಜ್ಜಿ ಮಾತಿಗೆ ಕಾಯುವಾಗ ಅವನಿಗೆ ನಿದ್ದೆ. ಅವನಿಗೆ ಮಾತು ಬೇಕಾದ ರಾತ್ರಿ ಅಜ್ಜಿಗೆ ಜ್ವರ, ಮನೆಯ ದೀಪ ಆರಿದೆ.

ಹೆಜ್ಜೆ 5: ಯಾವ ವರ್ಷ, ಯಾವ ತಿಂಗಳು

ಇದನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ. ಒಂಟಿತನದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಈಗ ಹಳ್ಳಿ ಹಳ್ಳಿಗೂ ಚಾರ್ಜ್ ಮಾಡುವ ಬ್ಯಾಟರಿ ಬಂದಿದೆ. ಹಾಗಾಗಿ ನನ್ನ ಕತೆಯನ್ನು 2005ರ ಮಳೆಗಾಲಕ್ಕೆ ಒಯ್ದೆ. ಮಳೆಗಾಲವೇ ಯಾಕೆಂದರೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಬ್ಯಾಟರಿಗೆ ಅರ್ಥ ಬರುತ್ತದೆ. ಬಸ್ಸಿನ ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹತ್ತಿರ ಬರಲೇಬೇಕು.

ಇದೇ ಅಜ್ಜಿಯನ್ನು ಇವತ್ತಿಗೆ ತಂದರೆ ಕತೆಯೇ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಈಗಿನ ಅಜ್ಜಿ ಆಧಾರ್ ಕಾರ್ಡ್ ತೋರಿಸಿ, ಶೂನ್ಯ ಟಿಕೆಟ್ ತೆಗೆದುಕೊಂಡು, ಶಿರಸಿ ಬಸ್ ನಿಲ್ದಾಣದಲ್ಲಿ ಎರಡು ತಾಸು ಕೂತು, ನಾಲ್ಕು ಜನರ ಹತ್ತಿರ "ಯಾವ ಊರಾತು?" ಎಂದು ಕೇಳಿ ಅದೇ ಬಸ್ಸಿಗೆ ವಾಪಸ್ ಬರಬಹುದು. ಯಾರಾದರೂ ಇದನ್ನು ಬರೆಯಿರಿ, ದಯವಿಟ್ಟು.

ಕರಾವಳಿಯ ಕತೆಯಾದರೆ ಸಮುದ್ರದ ಪಂಚಾಂಗ ಗೊತ್ತಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಕಲಾಸಿಗಳು (ಬೋಟಿನ ಕೆಲಸಗಾರರು) ಊರಿಗೆ ಹೊರಟಿರುತ್ತಾರೆ. ಹೋಗಲು ಊರಿಲ್ಲದ ಒಬ್ಬ ಹುಡುಗ ಕಾವಲಿಗೆಂದು ಬೋಟಿನಲ್ಲೇ ಉಳಿದರೆ ಅವನಿಗೆ 61 ರಾತ್ರಿಗಳಿವೆ. ಕತೆಗೆ ಆರಂಭವೂ ಮುಕ್ತಾಯವೂ ಕ್ಯಾಲೆಂಡರಿನಲ್ಲೇ ಸಿಕ್ಕಿಬಿಟ್ಟಿತು.

ನೀವು ಊರು ಬಿಟ್ಟು ದೂರ ಇದ್ದರೂ ತೊಂದರೆಯಿಲ್ಲ. ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತೇ ಹನೇಹಳ್ಳಿಯ ಕತೆಗಳನ್ನು ಬರೆದರು.

ಹೆಜ್ಜೆ 6: ಕರೆಯುವ ರೀತಿ ಬದಲಾಗಲಿ

ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಸುಮ್ನೆ ಹಾಳು ಮಾಡಬೇಡಿ. ಇಬ್ಬರು ಹತ್ತಿರವಾದರು ಎಂದು ನಾವು ಬರೆಯಬೇಕಾಗಿಲ್ಲ. "ನೀವು" ಹೋಗಿ "ನೀನು" ಬಂದರೆ ಸಾಕು. ಎರಡು ವಾರ "ಕಂಡಕ್ಟ್ರೇ" ಎಂದು ಕರೆದ ಅಜ್ಜಿ ಒಂದು ರಾತ್ರಿ ಅವನು ಒದ್ದೆಯಾಗಿ ಜಗಲಿ ಹತ್ತಿದಾಗ ಬೈರಾಸು ಎಸೆದು "ತಮಾ, ಮೊದ್ಲು ತಲೆ ಒರೆಸ್ಕ" ಎನ್ನುತ್ತಾರೆ. ಅಲ್ಲಿ ಒಂದು ಪದವನ್ನೂ ಜಾಸ್ತಿ ಸೇರಿಸಬೇಡಿ. ಅವನು "ಅಮ್ಮಾರ" ಬಿಟ್ಟು "ಯವ್ವಾ" ಎನ್ನುವುದನ್ನು ಇನ್ನೂ ತಡ ಮಾಡಿ. ನಾನು ಅದನ್ನು ಕೊನೆಯ ಪುಟದವರೆಗೆ ಹಿಡಿದಿಟ್ಟೆ.

ಒಬ್ಬೊಬ್ಬರ ಬಾಯಲ್ಲಿ ಅವರವರ ಮಾತೇ ಇರಲಿ. ಕಾರವಾರದ ಮೀನು ಪೇಟೆಯಲ್ಲಿ ಕೊಂಕಣಿ, ಶಿರಸಿಯ ಜಗಲಿಯಲ್ಲಿ ಹವ್ಯಕ ಮಾತು, ಅಂಕೋಲೆಯ ಹಾಲಕ್ಕಿಗಳದ್ದು ಬೇರೆಯದೇ ಕನ್ನಡ. ಬೀದರಿನಿಂದ ಬಂದ ನೌಕರನಿಗೆ ಬಂಗಡೆ ಮಾರುವವಳ ಮಾತಿನಲ್ಲಿ ಅರ್ಥವಾಗುವುದು ರೊಕ್ಕದ ಲೆಕ್ಕ ಮಾತ್ರ ಎಂದಾದರೆ, ಅವರಿಬ್ಬರ ನಡುವಿನ ದೂರವನ್ನು ನೀವು ಬೇರೆಯಾಗಿ ಬಣ್ಣಿಸಬೇಕಾಗಿಲ್ಲ. ಆದರೆ ನಿಮಗೆ ಸರಿಯಾಗಿ ಬಾರದ ಮಾತನ್ನು ಪುಟಗಟ್ಟಲೆ ಬರೆಯಲು ಹೋಗಬೇಡಿ. ಒಂದೆರಡು ಪದ ಸರಿಯಾಗಿ ಬಂದರೆ ಸಾಕು, ಅದನ್ನೂ ಆ ಮಾತಿನವರಿಗೆ ತೋರಿಸಿ.

ಮತ್ತೊಂದು. ಒಂಟಿ ಮನುಷ್ಯರು ತಮ್ಮ ಒಂಟಿತನದ ಬಗ್ಗೆ ಮಾತಾಡುವುದಿಲ್ಲ. ಹಸುವಿನ ಬಗ್ಗೆ, ಮಳೆಯ ಬಗ್ಗೆ, ಮಾರಿಜಾತ್ರೆ ಬರುವ ವರ್ಷವೋ ಅದರಾಚೆಯ ವರ್ಷವೋ ಎಂಬುದರ ಬಗ್ಗೆ ಮಾತಾಡುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ಮಕ್ಕಳು ಬಂದೇ ಬರುತ್ತಾರೆ. ಜಾತ್ರೆ ಯಾವಾಗ ಎಂದು ಅಜ್ಜಿ ಕೇಳಿದರೆ ಅದರಲ್ಲಿ ಎಲ್ಲವೂ ಬಂತು.

ಹೆಜ್ಜೆ 7: ಮುಕ್ತಾಯ

ನಾನು ಮೊದಲು ಬರೆದ ಮುಕ್ತಾಯದಲ್ಲಿ ಅಜ್ಜಿ ಸತ್ತುಹೋಗಿದ್ದರು. ಕಂಡಕ್ಟರ್ ಸೆಲ್ ಹಿಡಿದುಕೊಂಡು ದಣಪೆಯ ಹತ್ತಿರ ನಿಂತಿರುತ್ತಾನೆ, ಒಳಗೆ ಜನ ಸೇರಿರುತ್ತಾರೆ. ಬರೆಯುವಾಗ ನನಗೇ ಅಳು ಬಂದಿತ್ತು. ಆದರೂ ಎರಡು ದಿನ ಬಿಟ್ಟು ಓದಿದಾಗ ಗೊತ್ತಾಯಿತು, ಅದು ಅಜ್ಜಿಗೆ ನಾನು ಮಾಡಿದ ಅನ್ಯಾಯ. ಇಷ್ಟು ಜಾಣತನದಿಂದ ಒಂದೊಂದೇ ದಿನ ಗಳಿಸಿಕೊಂಡವಳನ್ನು ನಾನು ಕಣ್ಣೀರಿಗಾಗಿ ಕೊಂದುಬಿಟ್ಟಿದ್ದೆ. ಸಾವು, ಅಪಘಾತ, ಬಸ್ಸು ನಿಂತುಹೋಗುವುದು, ಇವೆಲ್ಲ ಹೊರಗಿನಿಂದ ಬರುವ ಮುಕ್ತಾಯಗಳು. ಮುಕ್ತಾಯ ನೆಪದೊಳಗಿನಿಂದಲೇ ಬರಬೇಕು. ಆ ವಸ್ತುವನ್ನೇ ಮತ್ತೆ ಕೈಗೆತ್ತಿಕೊಂಡು ಈಗ ಅದನ್ನು ಯಾರು, ಹೇಗೆ ಬಳಸುತ್ತಾರೆ ಎಂದು ಕೇಳಿಕೊಳ್ಳಿ.

ಈಗಿನ ಮುಕ್ತಾಯ ಹೀಗಿದೆ. ಶಿರಸಿಯ ಅಂಗಡಿಯವನು ಎರಡು ಸೆಲ್ ಕೊಡುತ್ತಾನೆ. ಕಂಡಕ್ಟರ್ ಎರಡರ ದುಡ್ಡೂ ಕೊಡುತ್ತಾನೆ. ರಾತ್ರಿ ದಣಪೆ ಸರಿಸಿ ಒಳಗೆ ಹೋಗಿ ಒಂದನ್ನು ಅಜ್ಜಿಯ ಕೈಯಲ್ಲಿಡುತ್ತಾನೆ.

"ಒಂದ ಸಿಕ್ತು ನೋಡ ಯವ್ವಾ. ಇನ್ನೊಂದು ನಾಳೆ ತರ್ತೀನಿ."

ಇನ್ನೊಂದು ಅವನ ಚರ್ಮದ ಚೀಲದಲ್ಲಿ, ಚಿಲ್ಲರೆಯ ನಡುವೆ ಇದೆ. ಅಲ್ಲಿಗೆ ನಿಲ್ಲಿಸಿದೆ.

ಹೆಜ್ಜೆ 8: ಅಳಿಸುವುದು, ಓದಿ ಹೇಳುವುದು

ಒಂದು ವಾರ ಕತೆಯನ್ನು ಮುಟ್ಟಬೇಡಿ. ಆಮೇಲೆ ಕೆಂಪು ಪೆನ್ನು ಹಿಡಿದು ಈ ಪದಗಳನ್ನು ಹುಡುಕಿ: ಒಂಟಿ, ಏಕಾಂಗಿ, ಶೂನ್ಯ, ಮೌನ, ನಿಟ್ಟುಸಿರು, ಮಂಜಾದ ಕಣ್ಣು, ಭಾರವಾದ ಹೃದಯ. ಎಲ್ಲ ತೆಗೆಯಿರಿ. ತೆಗೆದ ಮೇಲೆ ಕತೆ ತಣ್ಣಗಾಯಿತು ಅನಿಸಿದರೆ ಆ ಜಾಗದಲ್ಲಿ ಕೈಗಳನ್ನು ಬರೆಯಿರಿ. ಅಜ್ಜಿಯ ಕೈ ಏನು ಮಾಡುತ್ತಿತ್ತು? ಎರಡು ಲೋಟ ತೊಳೆಯುತ್ತಿತ್ತಾ, ಒಂದನ್ನಾ? ನನ್ನ ಕತೆ ಮೊದಲು ಎಂಟು ಪುಟ ಇತ್ತು, ಹೀಗೆ ಅಳಿಸಿ ಐದಾಯಿತು.

ನಿಜವಾದ ಜನರಿಂದ ಎತ್ತಿಕೊಂಡಿದ್ದರೆ ಗುರುತು ಬದಲಿಸಿ. ನಮ್ಮದು ಚಿಕ್ಕ ಊರುಗಳು. ದಣಪೆಯ ಬಣ್ಣ ಹೇಳಿದರೆ ಮನೆ ಯಾವುದೆಂದು ಗೊತ್ತಾಗುತ್ತದೆ. ತಾನು ಒಂಟಿ ಎಂಬುದನ್ನು ಒಬ್ಬರು ಊರಿನಿಂದ ಮುಚ್ಚಿಟ್ಟುಕೊಂಡು ಬದುಕುತ್ತಿದ್ದರೆ ಅದನ್ನು ನಾವು ಅಚ್ಚು ಹಾಕಿಸಬಾರದು. ಊರು ಬದಲಿಸಿ, ಮನೆ ಬದಲಿಸಿ, ನೆಪವನ್ನೂ ಬದಲಿಸಿ. ನಾನು ನಿಜವಾಗಿ ಕಂಡದ್ದು ಬ್ಯಾಟರಿಯೂ ಅಲ್ಲ, ಬಸ್ಸೂ ಅಲ್ಲ.

ಕೊನೆಯದಾಗಿ, ಕಳಿಸುವ ಮೊದಲು ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಬರೆಯುವ ಗೆಳೆಯರಿಗಲ್ಲ, ಕತೆಯಲ್ಲಿರುವಂಥವರಿಗೆ. ಎಲ್ಲಿ ಅವರು ಹೊರಗೆ ನೋಡಲು ಶುರು ಮಾಡುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ, ಆ ಸಾಲುಗಳು ಹೋಗಬೇಕು. ನಾನು ನಮ್ಮ ಮನೆಯ ಮೇಲಿನ ದೊಡ್ಡಮ್ಮನಿಗೆ ಓದಿದೆ. ಅವರಿಗೆ ಎಂಬತ್ತು ದಾಟಿದೆ. ಅಡಿಕೆ ಹೆರೆಯುತ್ತಾ ಕೇಳಿದರು. ಒಂದು ಕಡೆ ಮಾತ್ರ ಹೊರಗೆ ನೋಡಿದರು, ಮಳೆಯನ್ನು ನಾನು ಅರ್ಧ ಪುಟ ಬಣ್ಣಿಸಿದ್ದಲ್ಲಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕತೆಯ ಹಾಳೆಗಳನ್ನು ಬೇಕಾದರೆ ಇಲ್ಲೇ ಬಿಟ್ಟು ಹೋಗುತ್ತೇನೆ, ಆಮೇಲೆ ಓದಿ ಎಂದೆ.

"ನಂಗೆ ಕನ್ನಡಕ ಸರಿ ಆಗ್ತಿಲ್ಲೆ. ನಾಳೆ ಬಂದು ನೀನೇ ಇನ್ನೊಂದ್ಸಲ ಓದು" ಎಂದರು.

ಅವರ ಪಕ್ಕದಲ್ಲಿ ಆ ದಿನದ ಪೇಪರು ಮಡಚಿ ಇಟ್ಟಿತ್ತು, ಕನ್ನಡಕ ಅದರ ಮೇಲಿತ್ತು.